ನೀಲಿ ಹಂದಿ

"ಬುಡದಿಂದಲೇ ಕತ್ತರಿಸಿದ್ದಾನೆ, ನೋಡಮ್ಮ."

ಲಂಡನ್ನಿನ ಎಜ್‌ವೇರ್‌ನ ತಮ್ಮ ಮನೆಯಲ್ಲಿ ನಿವೃತ್ತ ಸರ್ಜನ್ ಜಗನ್ನಾಥ ಪುಸ್ತಕ ತೆರೆದು ತೋರಿಸಿದರು. ೧೯೯೮ರ ವಿಜಯದಶಮಿ. ಡಿಟೆಕ್ಟಿವ್ ವಿಜೇತಾಗೆ ರಜೆ ಸಿಕ್ಕಿರಲಿಲ್ಲ. ಸಿಗುವ ಆಸೆಯನ್ನೂ ಅವಳು ಎಂದೋ ಬಿಟ್ಟಿದ್ದಳು.

ಅದು ಅಮೆರಿಕದ ಹಳೆಯ ನಗೆಪುಸ್ತಕ. ಹತ್ತೊಂಬತ್ತನೇ ಶತಮಾನದ ಚಿತ್ರಕಾರನೊಬ್ಬ ಅದಕ್ಕೆ ಚಿತ್ರ ಬರೆದಿದ್ದ. ಕೆಸರಿಗೆ ಬಿದ್ದ ಜಡ್ಜ್, ಅವನ ಹ್ಯಾಟ್ ತೊಟ್ಟು ಗತ್ತಿನಿಂದ ಹೊರಟ ಹಂದಿ. ಆ ಪುಟವೇ ಮಾಯ.

"ಬೈಂಡರ್ ಶಂಕರನದೇ ಕೆಲಸ. ಪೂಜೆಯ ಹಿಂದಿನ ದಿನ ರಿಪೇರಿ ಮಾಡಿ ತಂದುಕೊಟ್ಟ. ನಾನು ತೆರೆದೂ ನೋಡ್ಲಿಲ್ಲ, ಸೀದಾ ಸರಸ್ವತಿ ಮುಂದೆ ಇಟ್ಟೆ. ಇವತ್ತಿನವರೆಗೆ ಅದನ್ನ ಯಾರೂ ಮುಟ್ಟೋ ಹಾಗಿಲ್ಲ."

"ಮುಟ್ಟೋ ಹಾಗಿಲ್ಲ, ಸರಿ. ಮುಟ್ಟಿಲ್ಲ ಅಂತ ಹೇಗೆ ಗೊತ್ತು?"

"ನಮ್ಮವಳಾಗಿ ಹೀಗೆ ಕೇಳ್ತೀಯಲ್ಲಮ್ಮ!"

*

ಸೌತ್‌ಹಾಲ್‌ನಲ್ಲಿ ಶಂಕರ ತನ್ನ ಮನೆ ಬಾಗಿಲಲ್ಲೇ ನಿಂತು ಮಾತಾಡಿದ.

"ನಾನು ಕೊಟ್ಟಾಗ ಚಿತ್ರ ಇತ್ತು ಮೇಡಂ. ಹಂದಿಗೆ ಯಾರೋ ನೀಲಿ ಕ್ರೇಯಾನ್ ಹಚ್ಚಿದ್ರು. ಡಾಕ್ಟ್ರು ಅದನ್ನ ತೆಗಿ ಅಂದ್ರು, ಆಗಲ್ಲ ಅಂದೆ. ಈಗ ಕಳ್ಳ ಅನ್ನಿಸಿಕೊಂಡೆ. ಅಂಗಡಿಯವರು ನಾಳೆಯಿಂದ ಬರಬೇಡ ಅಂದಿದಾರೆ."

ಪಾಪ ಅನ್ನಿಸಿತು. ಆದರೆ ಪಾಪ ಅನ್ನಿಸಿದವರೆಲ್ಲ ನಿರಪರಾಧಿಗಳಲ್ಲ, ಅದೂ ಅವಳಿಗೆ ಗೊತ್ತಿತ್ತು.

*

ಸಂಜೆ ಮತ್ತೆ ಎಜ್‌ವೇರ್. ಕತ್ತರಿಸಿದ ಅಂಚನ್ನು ವಿಜೇತಾ ದೀಪದ ಕೆಳಗೆ ಹಿಡಿದಳು. ಒಳಗೆ, ಹೊಲಿಗೆಯ ಪಕ್ಕ, ಕೆಂಪು ಬೆರಳಚ್ಚು.

"ಇದು ಕುಂಕುಮ. ಶಂಕರ ತಂದಾಗ ಪುಸ್ತಕಕ್ಕೆ ಕುಂಕುಮ ಇಟ್ಟಿರಲಿಲ್ಲ. ನೀವು ಇವತ್ತು ತೆರೆದಾಗ ಕೈಗೆ ಕುಂಕುಮ ಹತ್ತಿತ್ತಾ?"

"ರಟ್ಟು ಒರೆಸಿ, ಕೈ ತೊಳೆದೇ ತೆರೆದೆ. ಸರ್ಜನ್ ಅಭ್ಯಾಸ."

"ಹಾಗಾದ್ರೆ ಕತ್ತರಿಸಿದ್ದು ಪೂಜೆ ಆದ ಮೇಲೆ. ಹೊರಗಿನವರು ಯಾರಾದ್ರೂ ಬಂದಿದ್ರಾ?"

"ಯಾರೂ ಇಲ್ಲ. ನಾನು, ಕೃಷ್ಣವೇಣಿ, ಅಷ್ಟೇ." ಹೇಳುತ್ತಲೇ ಅವರು ಹೆಂಡತಿಯ ಕಡೆ ತಿರುಗಿದರು.

"ಕುಂಕುಮ ಇಟ್ಟವರು ನೀವೇ ಅಲ್ವಾ ಆಂಟಿ? ಹಂದಿಗೆ ನೀಲಿ ಹಚ್ಚಿದ್ದು ಯಾರು?"

ಕೃಷ್ಣವೇಣಿ ಎದ್ದರು. ಗೋಡೆಯಿಂದ ಹಾರ ಹಾಕಿದ್ದ ಮಗನ ಫೋಟೋ ಇಳಿಸಿದರು. ಅದರ ಹಿಂದಿನಿಂದ ಪುಟ ತೆಗೆದರು.

"ಶ್ರವಣ್. ಆಗ ಅವನಿಗೆ ನಾಲ್ಕು ವರ್ಷ. ಮೊನ್ನೆ ಇವರು ಅದನ್ನ ಗಲೀಜು ಅಂದ್ರು. ಬೇರೆ ಪ್ರತಿಯಿಂದ ಪುಟ ಹಾಕಿಸಿ ಇದನ್ನ ಬಿಸಾಕ್ತೀನಿ ಅಂದ್ರು."

"ಶಂಕರನ ಹೆಸರು ಬಂದಾಗಲೂ ಸುಮ್ಮನಿದ್ರಲ್ಲ?"

"ಬಾಯಿ ಬಿಟ್ಟಿದ್ರೆ ಇದನ್ನೂ ಕಿತ್ಕೊಳ್ತಿದ್ರು. ತಪ್ಪಾಯ್ತು."

ಜಗನ್ನಾಥ ಪುಟ ಹಿಡಿದು ಕುಳಿತೇಬಿಟ್ಟರು. ನೀಲಿ ಬಣ್ಣ ಹಂದಿಯನ್ನು ದಾಟಿ ಜಡ್ಜ್‌ನ ಮೂಗಿನವರೆಗೂ ಹರಡಿತ್ತು. ವಿಜೇತಾ ಫೋನನ್ನು ಅವರ ಮುಂದೆ ತಳ್ಳಿದಳು.

"ಶಂಕರ, ಚಿತ್ರ ಮನೆಯಲ್ಲೇ ಸಿಕ್ಕಿತಪ್ಪ. ತಪ್ಪು ನಮ್ಮದು. ನಾಳೆ ನಿಮ್ಮ ಅಂಗಡಿಗೆ ಬಂದು ನಾನೇ ಹೇಳ್ತೀನಿ." ಅವರು ನೀಲಿಯ ಮೇಲೆ ಬೆರಳಾಡಿಸಿದರು. "ಪುಟ ವಾಪಸ್ ಹೊಲಿದುಕೊಡ್ತೀಯಾ? ನೀಲಿ ಹಾಗೇ ಇರಲಿ."