ಮಾರ್ಚ್ ನಾಲ್ಕರ ನಂತರದ ಅರವತ್ತೊಂದು ಪುಟ

ಅಕ್ಟೋಬರ್ ಹನ್ನೊಂದು, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಆ ಹೆಂಗಸು ಠಾಣೆಗೆ ಬಂದಳು. ಶಾಲೆಯೊಂದರಲ್ಲಿ ಹೊಲಿಗೆ ಕಲಿಸುವವಳು. ಏನಮ್ಮಾ ಎಂದು ಹೆಡ್ ಕಾನ್‌ಸ್ಟೇಬಲ್ ಕೇಳುವ ಮೊದಲೇ ತೆರಿಗೆ ಇಲಾಖೆಯ ಲಕೋಟೆಯನ್ನು ಮೇಜಿನ ಮೇಲಿಟ್ಟಳು.

"ನನ್ನ ತಮ್ಮನಿಗೆ ಬಂದಿರೋ ಪತ್ರ. ಜೂನ್, ಜುಲೈನಲ್ಲಿ ಮಾಡಿದ ಪ್ರಯೋಗಗಳನ್ನ ಖುದ್ದಾಗಿ ಬಂದು ವಿವರಿಸ್ಬೇಕಂತೆ."

"ಹೋಗಿ ವಿವರಿಸ್ಲಿ. ಇಲ್ಲಿಗ್ಯಾಕೆ ತಂದ್ರಿ?"

"ಅವನು ಮಾರ್ಚ್ ನಾಲ್ಕಕ್ಕೆ ತೀರಿಕೊಂಡ."

ಹೆಡ್ ಕಾನ್‌ಸ್ಟೇಬಲ್ ಪತ್ರವನ್ನು ಎರಡು ಸಲ ಓದಿ ಇನ್‌ಸ್ಪೆಕ್ಟರರ ಕೋಣೆಗೆ ಒಯ್ದ. "ಸತ್ತ ಮೇಲೂ ರಜೆ ಸಿಕ್ಕಿಲ್ಲ ಸಾರ್ ಇವನಿಗೆ," ಎಂದ. ಹಿಂದೆಯೇ ಬಂದಿದ್ದ ಅಕ್ಕ ಅದನ್ನು ಕೇಳಿಸಿಕೊಂಡಳು. ಅವನು ತಲೆ ತಗ್ಗಿಸಿ ಪಕ್ಕಕ್ಕೆ ಸರಿದ.

"ಪತ್ರ ಓದಿದಾಗಿಂದ ಅಮ್ಮ ಬಾಗಿಲಿಗೆ ಚಿಲಕ ಹಾಕೋಕೆ ಬಿಡ್ತಿಲ್ಲ," ಎಂದಳು ಅಕ್ಕ. "ಸರ್ಕಾರದವರು ಸುಮ್ಮನೆ ಬರೀತಾರಾ ಅಂತಾಳೆ. ಅವನಿಲ್ಲ ಅಂತ ದಿನಾ ಬೆಳಿಗ್ಗೆ ನಾನೇ ಹೇಳ್ಬೇಕು. ಅವನ ಹೆಸರಲ್ಲಿ ಕೆಲಸ ಮಾಡ್ತಿರೋದು ಯಾರು ಅಂತ ಹೇಳಿ, ಸಾಕು."

ಹನ್ನೊಂದು ಕಾಲಿಗೆ ಎಫ್‌ಐಆರ್ ದಾಖಲಾಯಿತು.

ತಮ್ಮ ಎಂಜಿನಿಯರ್ ಆಗಿದ್ದ ಕಾರ್ಯಾಗಾರ ಒಂದು ಮುದ್ರಣಾಲಯದ ಮಹಡಿಯ ಮೇಲಿತ್ತು. ನೆಲದಡಿಯ ನೀರಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಶಬ್ದದಿಂದಲೇ ಪತ್ತೆ ಮಾಡುವ ಯಂತ್ರವನ್ನು ಅಲ್ಲಿ ತಯಾರಿಸುತ್ತಿದ್ದರು. ಇದ್ದವರು ಮೂವರು. ಈಗ ಇಬ್ಬರು: ಮಾಲೀಕ ಮತ್ತು ಒಬ್ಬ ಸಹಾಯಕಿ. ಇನ್‌ಸ್ಪೆಕ್ಟರ್ ಮಹಿಳಾ ಕಾನ್‌ಸ್ಟೇಬಲ್ ಜತೆ ಒಳಗೆ ಹೋದಾಗ ಸಹಾಯಕಿ ನೀರು ತುಂಬಿದ ಪೈಪಿನ ಮೇಲೆ ಕಿವಿಯಿಟ್ಟು ಕೂತಿದ್ದಳು. ಎದ್ದು ನಿಂತಳು.

"ಅವರ ಅಂತ್ಯಕ್ರಿಯೆಗೆ ನಾನೇ ಹೋಗಿದ್ದೆ," ಎಂದ ಮಾಲೀಕ.

"ಮತ್ತೆ ನಿಮ್ಮ ತೆರಿಗೆ ರಿಯಾಯಿತಿ ಅರ್ಜಿಯಲ್ಲಿ ಬದುಕಿದ್ದಾರಲ್ಲ?"

"ಅರ್ಜಿ ಮಾಡಿದ್ದು ತೆರಿಗೆ ಸಲಹೆಗಾರರು ಸಾರ್. ನಲವತ್ತು ಪುಟ ತಂದು ಸಹಿ ಹಾಕಿ ಅಂದ್ರು, ಹಾಕಿದೆ."

ಹೊಸದನ್ನು ಕಂಡುಹಿಡಿಯಲು ಪ್ರಯೋಗ ನಡೆಸುವ ಸಣ್ಣ ಸಂಸ್ಥೆಗಳಿಗೆ ತೆರಿಗೆಯಲ್ಲಿ ರಿಯಾಯಿತಿ ಉಂಟು. ಪ್ರಯೋಗ ನಡೆದದ್ದಕ್ಕೆ ಆಯಾ ದಿನವೇ ಬರೆದ ದಾಖಲೆ ಬೇಕು. ಈ ಬಾರಿ ರಿಯಾಯಿತಿ ಸಿಗದಿದ್ದರೆ ಕಾರ್ಯಾಗಾರಕ್ಕೆ ಬೀಗವೇ ಗತಿ ಎಂದು ಮಾಲೀಕ ಮರೆಮಾಚದೆ ಹೇಳಿದ.

ಮಧ್ಯಾಹ್ನ ಮೂರಕ್ಕೆ ಸಲಹೆಗಾರನ ವಿಚಾರಣೆ ನಡೆಯಿತು. ಗಾಜಿನ ಬಾಗಿಲಿನ ಕಚೇರಿ, ಗೋಡೆ ತುಂಬ ಫೈಲು.

"ನಾನು ಅಲ್ಲಿಗೆ ಹೋಗಿದ್ದು ಜನವರಿಯಲ್ಲಿ, ಒಂದೇ ಸಲ. ಪುಸ್ತಕ ಹೇಗೆ ಇಡ್ಬೇಕು ಅಂತ ಪಟ್ಟಿ ಕೊಟ್ಟು ಬಂದೆ. ಆಮೇಲೆ ಪುಟಗಳ ಫೋಟೋ ಬಂತು. ಕೆಳಗೆ ಯಾರ ಸಹಿ ಇದೆಯೋ ಅವರ ಹೆಸರಿಗೆ ಕೆಲಸದ ಗಂಟೆ ಬರ್ಕೊಂಡೆ."

"ಸಹಿ ಹಾಕಿದವರು ಯಾರು ಅಂತ ವಿಚಾರಿಸ್ಲಿಲ್ವಾ?"

"ಸಹಿ ಹಾಕಿದವನು ಬದುಕಿದ್ದಾನಾ ಅಂತ ಯಾರಾದ್ರೂ ಕೇಳ್ತಾರಾ ಸಾರ್?"

ಐದು ಗಂಟೆಗೆ ಮುದ್ರಣಾಲಯದ ಇಬ್ಬರು ಕೆಲಸಗಾರರ ಸಮಕ್ಷಮ ಪಂಚನಾಮೆ ಮಾಡಿ ಪ್ರಯೋಗದ ಪುಸ್ತಕವನ್ನೂ ಕಂಪ್ಯೂಟರನ್ನೂ ವಶಕ್ಕೆ ಪಡೆದರು. ಮಾರ್ಚ್ ನಾಲ್ಕರ ನಂತರ ಅರವತ್ತೊಂದು ಪುಟಗಳಿದ್ದವು. ಹೆಡ್ ಕಾನ್‌ಸ್ಟೇಬಲ್ ಭೂತಗನ್ನಡಿ ಹಿಡಿದು ಹಿಂದಿನ ಪುಟ, ಮುಂದಿನ ಪುಟ ನೋಡುತ್ತಾ ಹೋದ. ಅದೇ ಓರೆ ಅಕ್ಷರ, ಅದೇ ನೀಲಿ ಶಾಯಿ.

"ಒಂದೇ ಕೈ ಸಾರ್," ಎಂದ. ಧ್ವನಿ ಇಳಿದಿತ್ತು. "ಸಾಯೋಕೆ ಮುಂಚೆ ಬರೆದವನೇ ಆಮೇಲೂ ಬರೆದಿದ್ದಾನೆ."

ಮಾರನೆಯ ದಿನ ಅಕ್ಕ ತಮ್ಮನ ಹಳೆಯ ಕಾಗದಗಳನ್ನು ತಂದಳು. ಏಪ್ರಿಲ್ ತಿಂಗಳ ಪುಟ ನೋಡಿ ಅಲ್ಲವೆಂದು ತಲೆಯಾಡಿಸಿದಳು. ನಂತರ ತಾನಾಗಿಯೇ ಹಿಂದಕ್ಕೆ, ಮೊದಲ ಪುಟದವರೆಗೂ ತಿರುಗಿಸಿದಳು.

"ಇದೂ ಅವನ ಅಕ್ಷರ ಅಲ್ಲ. ಇದ್ಯಾವುದೂ ಅಲ್ಲ. ಅವನದು ಕೋಳಿ ಕೆದಕಿದ ಹಾಗಿರ್ತಿತ್ತು. ಮಾರ್ಚ್ ಮೂರರ ತನಕ ಸಹಿ ಮಾತ್ರ ಅವನದು. ಆಮೇಲಿನ ಸಹಿ ನೋಡಿ, ತೀರಾ ನೀಟಾಗಿದೆ."

ಅಂದರೆ ಪುಸ್ತಕ ಬರೆದದ್ದು ಎಂದೂ ಎಂಜಿನಿಯರ್ ಅಲ್ಲ.

ಪುಟಕ್ಕೊಂದು ಪ್ರಯೋಗ; ಪ್ರತಿ ಪ್ರಯೋಗಕ್ಕೂ ಒಂದು ಧ್ವನಿಮುದ್ರಣ ಕಂಪ್ಯೂಟರಿನಲ್ಲಿತ್ತು. ಇನ್‌ಸ್ಪೆಕ್ಟರ್ ಹೆಡ್‌ಫೋನ್ ಹಾಕಿಕೊಂಡು ಕೂತರು. ಮಾರ್ಚ್ ಮೂರರವರೆಗೆ ಎಲ್ಲದರ ಶುರುವಿನಲ್ಲೂ ಒಬ್ಬ ಗಂಡಸಿನ ಧ್ವನಿ: "ಪ್ರಯೋಗ ಇನ್ನೂರ ಹತ್ತು. ಒತ್ತಡ ಮೂರು." ನಂತರ ಪೈಪಿಗೆ ಬಡಿದ ಸದ್ದು, ನೀರಿನ ಸದ್ದು. ಮಾರ್ಚ್ ಆರರದ್ದರಲ್ಲಿ ಧ್ವನಿ ಇರಲಿಲ್ಲ. ಯಾರೋ ಮಾತಾಡಲು ಉಸಿರೆಳೆದುಕೊಂಡರು. ಉಸಿರು ಹಾಗೇ ನಿಂತಿತು. ಆಮೇಲೆ ಬಡಿತ, ನೀರು. ಮಾರ್ಚ್ ಏಳರದ್ದೂ ಹಾಗೆಯೇ. ಅರವತ್ತೊಂದೂ ಹಾಗೆಯೇ. ಯಾವುದರಲ್ಲೂ ಒಂದು ಮಾತಿಲ್ಲ. ಪ್ರತಿಯೊಂದರಲ್ಲೂ ಅದೇ ಉಸಿರು, ಅವನಿಗಾಗಿ ಜಾಗ ಬಿಟ್ಟಂತೆ ಅಷ್ಟೇ ಹೊತ್ತಿನ ಮೌನ.

ಮಹಿಳಾ ಕಾನ್‌ಸ್ಟೇಬಲ್ ನಾಲ್ಕೈದು ಕೇಳಿ ಹೆಡ್‌ಫೋನ್ ತೆಗೆದಿಟ್ಟಳು. "ಹೆಂಗಸು ಸಾರ್. ಬಾಯಿಗೆ ಬಂದ ಮಾತು ನುಂಗ್ತಿದ್ದಾಳೆ."

ಆ ಕಾರ್ಯಾಗಾರದಲ್ಲಿ ಹೆಂಗಸು ಒಬ್ಬಳೇ.

ಅಕ್ಟೋಬರ್ ಹದಿಮೂರು, ಬೆಳಿಗ್ಗೆ ಹನ್ನೊಂದಕ್ಕೆ ಸಹಾಯಕಿ ಠಾಣೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು.

"ಪುಸ್ತಕ ಬರೀತಿದ್ದಿದ್ದು ಯಾರು?"

"ನಾನು. ಏಳು ವರ್ಷದಿಂದ. ಅವರ ಕೈಗೆ ಗ್ರೀಸ್ ಆಗಿರ್ತಿತ್ತು. ಅವರು ಹೇಳೋರು, ನಾನು ಬರ್ಕೊಳ್ಳೋಳು."

"ಮಾರ್ಚ್ ನಾಲ್ಕರ ಮೇಲೆ ಹೇಳಿದ್ದು ಯಾರು?"

"ಯಾರೂ ಹೇಳ್ಲಿಲ್ಲ."

"ಪ್ರಯೋಗ ನಡೆಸಿದ್ದು?"

"ನಾನೇ."

"ನಿಜವಾಗ್ಲೂ ನಡೆಸಿದ್ರಾ?"

ಅವಳು ಮೊದಲ ಸಲ ಕಣ್ಣೆತ್ತಿ ನೋಡಿದಳು. "ಸುಳ್ಳು ಬರೆಯೋದಾಗಿದ್ರೆ ಐವತ್ತೆಂಟು ಸಲ ಫೇಲ್ ಅಂತ ಯಾಕೆ ಬರೀಲಿ ಸಾರ್?"

"ಸಹಿ?"

"ಪ್ರತಿ ಪುಟಕ್ಕೂ ಸಂಶೋಧಕರ ಸಹಿ ಇರ್ಬೇಕು ಅಂತ ಸಲಹೆಗಾರರು ಪಟ್ಟಿ ಕೊಟ್ಟಿದ್ರು. ನಾನು ಒಂಬತ್ತನೇ ಕ್ಲಾಸಿಗೆ ಬಿಟ್ಟೋಳು. ನಾನು ಬಡಿದ್ರೆ ಅದು ಬರೀ ಪೈಪ್ ಬಡಿಯೋದು. ಅವರ ಸಹಿ ಇದ್ರೆ ಪ್ರಯೋಗ."

"ಮಾಲೀಕರಿಗೆ ಗೊತ್ತಿತ್ತಾ?"

"ಅವರು ಪುಸ್ತಕ ತೆಗೆದು ನೋಡಲ್ಲ."

ಇನ್‌ಸ್ಪೆಕ್ಟರ್ ತೆರಿಗೆ ಇಲಾಖೆಗೆ ಫೋನ್ ಮಾಡಿದರು. ಆ ಕಡೆಯ ಅಧಿಕಾರಿ ಬೇಸರದಿಂದಲೇ ಹೇಳಿದ: "ಪದವಿ ಯಾರು ಕೇಳ್ತಾರೆ? ಮಾಡಿದವರ ಹೆಸರು ಬರೆದಿದ್ರೆ ಸಾಕಿತ್ತು. ಫೇಲಾಗಿದ್ರೂ ಲೆಕ್ಕಕ್ಕೆ ಬರ್ತಿತ್ತು. ಈಗ ಪೂರ್ತಿ ಅರ್ಜಿ ವಜಾ."

ಹನ್ನೆರಡು ನಲವತ್ತಕ್ಕೆ ಸಹಿ ನಕಲು ಮಾಡಿದ ಆರೋಪದಡಿ ಸಹಾಯಕಿಯನ್ನು ಬಂಧಿಸಲಾಯಿತು. ಮಾಲೀಕನಿಗೂ ಸಲಹೆಗಾರನಿಗೂ ನೋಟಿಸ್ ಹೋಯಿತು. ಅಧಿಕಾರಿ ಹೇಳಿದ್ದನ್ನು ಇನ್‌ಸ್ಪೆಕ್ಟರ್ ಅವಳಿಗೆ ತಿಳಿಸಿದರು.

"ಹಾಗಾದ್ರೆ ಆ ಅರವತ್ತೊಂದು ಪುಟ?"

"ಈಗ ಅವು ಸಾಕ್ಷ್ಯ."

ಅಕ್ಕನನ್ನು ಕರೆಸಿದ್ದರು. ಅವಳು ಬೈಯಲೆಂದೇ ಬಂದವಳು. ಸಹಾಯಕಿಯ ಎದುರು ಕೂತ ಮೇಲೆ ಬೇರೆಯದನ್ನೇ ಕೇಳಿದಳು.

"ಅವನ ಸಹಿ ಹಾಕೋವಾಗ ನಿಂಗೆ ಭಯ ಆಗ್ಲಿಲ್ವಾ?"

"ಸಹಿ ಹಾಕೋವಾಗ ಆಗ್ಲಿಲ್ಲ ಅಕ್ಕಾ. ಪ್ರಯೋಗದ ನಂಬರ್ ಹೇಳೋಕೆ ಹೋದಾಗ ಆಗ್ತಿತ್ತು. ನಾನು ಹೇಳಿಬಿಟ್ರೆ ಅವರು ಇಲ್ಲ ಅಂತ ಆಗ್ಬಿಡುತ್ತಲ್ಲ."

ಅಕ್ಕ ಎದ್ದಳು. ಹೋಗುವಾಗ ಮಾರ್ಚ್ ಮೂರರ ಧ್ವನಿಮುದ್ರಣದ ಪ್ರತಿಯೊಂದು ಸಿಗಬಹುದೇ ಎಂದು ಕೇಳಿದಳು. ಅಮ್ಮನಿಗೆ ಕೇಳಿಸಬೇಕಂತೆ, ಕೊನೆಯದು ಇದೇ ಎಂದು ಹೇಳಿ. ಅರ್ಜಿ ಬರೆದುಕೊಡಿ ಎಂದರು ಇನ್‌ಸ್ಪೆಕ್ಟರ್.

ಡಿಸೆಂಬರಿನಲ್ಲಿ ಚಾರ್ಜ್‌ಶೀಟ್ ಸಿದ್ಧವಾಯಿತು. ಲಾಭದ ಆಸೆಯಿಂದ ಎಂದು ಹೆಡ್ ಕಾನ್‌ಸ್ಟೇಬಲ್ ರೂಢಿಯಂತೆ ಬರೆದು ತಂದಿದ್ದ. ಇನ್‌ಸ್ಪೆಕ್ಟರ್ ಅದನ್ನು ಹೊಡೆದುಹಾಕಿದರು. ಮಾರ್ಚ್ ಆರರಿಂದ ಆಗಸ್ಟ್ ಇಪ್ಪತ್ತೊಂಬತ್ತರವರೆಗಿನ ಅರವತ್ತೊಂದು ಪ್ರಯೋಗಗಳನ್ನು ಆರೋಪಿಯು ಯಾರ ನೆರವೂ ಇಲ್ಲದೆ ಸ್ವತಃ ನಡೆಸಿರುತ್ತಾಳೆ, ಅವುಗಳಲ್ಲಿ ಮೂರು ಯಶಸ್ವಿಯಾಗಿರುತ್ತವೆ ಎಂದು ತಮ್ಮ ಕೈಯಲ್ಲೇ ಬರೆದರು. ಆ ಪ್ರಯೋಗಗಳನ್ನು ಮಾಡಿದವಳು ಅವಳೇ ಎಂದು ಹೇಳುವ ಕಾಗದ ಬೇರೊಂದು ಇರಲಿಲ್ಲ.