ಊಟದ ಮೇಜಿನ ದೀಪ ಕೆಡಿಸಿದವರು

ಮೂರನೇ ಭಾನುವಾರವೂ ಟೀಚರ್ ಮನೆಯ ದೀಪ ಕೆಟ್ಟಿತ್ತು.

ಊಟದ ಮೇಜಿನ ಮೇಲೆ, ಕೈಗೆಟುಕುವಷ್ಟು ಕೆಳಗೆ ತೂಗುವ ದೀಪ. ಮೊದಲ ಸಲ ಬಲ್ಬ್ ಬದಲಾಯಿಸಿದೆ. ಎರಡನೇ ಸಲ ಹೋಲ್ಡರ್. ಇಪ್ಪತ್ತೆಂಟು ವರ್ಷದಿಂದ ವೈರ್ ಎಳೆಯುತ್ತಿರುವ ನನ್ನನ್ನು ಒಂದು ಬಲ್ಬ್ ಆಟ ಆಡಿಸುವುದೇ? ಸೋಮವಾರ ಬೆಳಿಗ್ಗೆ ಮುಖ ಗಂಟಿಕ್ಕಿಕೊಂಡೇ ಹೋದೆ.

ಟೀಚರ್ ರಿಟೈರ್ ಆದವರು, ಒಂಟಿ. ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದರು. ಕಟ್ಟು ಇನ್ನೂ ಬಿಚ್ಚಿರಲಿಲ್ಲ.

“ಬಲ್ಬಿನ ತಪ್ಪಲ್ಲಪ್ಪ,” ಅಂದರು. “ಇದು ನನ್ನ ತಂಗಿ ಕೆಲಸ.”

“ಅವರ್ಯಾಕೆ ಕೆಡಿಸ್ತಾರೆ?”

“ನಾನು ಬಿದ್ದಾಗಿನಿಂದ ‘ನಮ್ಮನೆಗೆ ಬಂದುಬಿಡಕ್ಕಾ’ ಅಂತ ತಲೆ ತಿಂತಾಳೆ. ಕತ್ತಲಿಗೆ ಹೆದರಿ ಹೊರಡಲಿ ಅಂತ. ಅವಳು ಬರೋದು ಭಾನುವಾರ — ದೀಪ ಹೋಗೋದೂ ಭಾನುವಾರ. ಹೋದ ವಾರ ಬಾಯಿಗೆ ಬಂದಂಗೆ ಬೈದು ಬೀಗದ ಕೈ ಕಿತ್ಕೊಂಡೆ.”

“ನಿನ್ನೆ ಬಂದಿದ್ರಾ?”

“ಇಲ್ಲ. ಫೋನೂ ಇಲ್ಲ.”

“ಬರದೇ ಇದ್ದವರು ಹೇಗೆ ಕೆಡಿಸಿದ್ರು?”

“ಇನ್ನೊಂದು ಬೀಗದ ಕೈ ಇಟ್ಕೊಂಡಿರ್ತಾಳೆ.” ದನಿ ಕುಗ್ಗಿತು. ಆ ಮನೆಗೆ ಬಂದು ಹೋಗುತ್ತಿದ್ದ ಜೀವ ಅದೊಂದೇ. ನನಗೆ ಅಯ್ಯೋ ಅನ್ನಿಸಿತು.

ಸ್ವಿಚ್ — ಸರಿ. ಟೆಸ್ಟರ್ ಇಟ್ಟೆ — ಕರೆಂಟ್ ಇದೆ. ಈ ಸಲ ಏನನ್ನೂ ಬಿಚ್ಚದೆ ಸುಮ್ಮನೆ ನಿಂತು ನೋಡಿದೆ. ಶೇಡ್ ಮೇಲೆ ಒಂದು ಪದರ ಧೂಳು. ಬಲ್ಬ್ ಮಾತ್ರ ಫಳಫಳ! ಮುಟ್ಟಿದರೆ ಅಲ್ಲಾಡಿತು. ಸ್ವಿಚ್ ಆರಿಸಿ, ಬಲಕ್ಕೆ ಒಂದು ಸುತ್ತು ಬಿಗಿ ಮಾಡಿ, ಮತ್ತೆ ಹಾಕಿದೆ. ದೀಪ ಹತ್ತಿತು.

“ಬಲ್ಬ್ ಯಾರು ಒರೆಸ್ತಾರೆ ಟೀಚರ್?”

“ಇನ್ಯಾರು, ನಾನೇ. ಭಾನುವಾರ ಬೆಳಿಗ್ಗೆ. ಅವಳು ಬರೋ ಹೊತ್ತಿಗೆ ಮನೆ ಚೊಕ್ಕಟವಾಗಿರ್ಬೇಕಲ್ಲ.”

ದೀಪ ಆರಿಸಿದೆ. “ಈಗ ಒರೆಸಿ ತೋರಿಸಿ.”

ಎಡಗೈಯಲ್ಲಿ ಬಟ್ಟೆ ಹಿಡಿದು ಅಮುಕಿ ಒರೆಸಿದರು. ಪ್ರತಿ ಸಲವೂ ಕೈ ಎಡಕ್ಕೇ ಹೊರಳುತ್ತಿತ್ತು.

“ನೋಡಿದ್ರಾ? ಇದು ಸ್ಕ್ರೂ ಥರ ತಿರುಗಿಸಿ ಕೂರಿಸೋ ಬಲ್ಬ್. ಬಲಗೈಲಿ ಒರೆಸುವಾಗ ಬಿಗಿಯಾಗ್ತಿತ್ತು. ಎಡಗೈ ಅದನ್ನ ಬಿಚ್ಚುತ್ತೆ. ಕೆಟ್ಟಿದ್ದು ಏನೂ ಇಲ್ಲ. ನಾನೂ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಂಗೆ ಹೋಲ್ಡರ್ ಬದಲಾಯಿಸಿ ಹೋದೆ.”

ಟೀಚರ್ ಬಟ್ಟೆಯನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದು ಕೂತರು.

ನನಗಿನ್ನೂ ಒಂದು ಅನುಮಾನ ಉಳಿದಿತ್ತು. “ನಿನ್ನೆ ಅವರು ಬರಲ್ಲ ಅಂತ ಗೊತ್ತಿತ್ತು. ಆದ್ರೂ ಯಾಕೆ ಒರೆಸಿದ್ರಿ?”

“ಬಂದ್ರೆ... ಅಂತ.”

ಟೀಚರ್ ಎಡಗೈಯಲ್ಲೇ ತಡವರಿಸಿ ತಂಗಿಯ ನಂಬರ್ ಒತ್ತಿದರು. ತುಂಬಾ ಹೊತ್ತು ರಿಂಗ್ ಆದ ಮೇಲೆ ಆ ಕಡೆ ಎತ್ತಿದರು.

“ದೀಪ ಕೆಡಿಸಿದವಳು ಸಿಕ್ಕಿದ್ಲು ಕಣೆ,” ಅಂದರು ಟೀಚರ್. “ನಾನೇ.”

ಆ ಕಡೆಯಿಂದ ಮಾತಿಲ್ಲ. ಫೋನ್ ಇಟ್ಟ ಸದ್ದೂ ಇಲ್ಲ. ಟೀಚರ್ ಅದನ್ನು ಕಿವಿಗೆ ಒತ್ತಿಕೊಂಡು ಕಾಯುತ್ತಲೇ ಇದ್ದರು.