ಬಾಗದ ಮಂಡಿ

ಕಟ್ಟು ಬಿಚ್ಚಿದ ದಿನ ಅಂಬುಜಮ್ಮ ಸೊಸೆಗೆಂದು ಗಸಗಸೆ ಪಾಯಸ ಮಾಡಿದ್ದರು. ಬಿದಿರಿನ ದಬ್ಬೆಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟು, "ಏಳವ್ವಾ ಧನಾ, ಮೂಳೆ ಕಲ್ಲಾಗೈತೆ ಈಗ," ಎಂದರು. ಧನಲಕ್ಷ್ಮಿ ಮಂಚದ ಅಂಚಿಗೆ ಸರಿದು ಕಾಲು ಇಳಿಸಲು ಹೋದಳು. ಸೊಂಟ ಬಾಗಿತು, ಪಾದ ಅಲ್ಲಾಡಿತು, ಮಂಡಿ ಮಾತ್ರ ಬಾಗಲಿಲ್ಲ. ಕಾಲು ಒನಕೆಯ ಹಾಗೆ ಮುಂದಕ್ಕೆ ಚಾಚಿಕೊಂಡೇ ಇತ್ತು... ಅತ್ತೆ ಸೊಸೆ ಇಬ್ಬರೂ ಆ ಕಾಲನ್ನೇ ನೋಡುತ್ತಾ ಕೂತರು. ಪಾಯಸ ಆರಿಹೋಯಿತು.

ಆ ಕಟ್ಟನ್ನು ಯಾರೂ ಕೆಟ್ಟ ಮನಸ್ಸಿನಿಂದ ಕಟ್ಟಿರಲಿಲ್ಲ. ರೇಷ್ಮೆ ಹುಳುಮನೆಯಲ್ಲಿ ಮೇಲಿನ ತಟ್ಟೆಗೆ ಸೊಪ್ಪು ಹಾಕುವಾಗ ಏಣಿ ಜಾರಿ ಬಿದ್ದ ಧನಲಕ್ಷ್ಮಿಗೆ ಮಂಡಿಯ ಕೆಳಗಿನ ಮೂಳೆ ಬಿರಿದಿತ್ತು. ರಾಮನಗರದ ಆಸ್ಪತ್ರೆಯಲ್ಲಿ ಪ್ಲೇಟು ಹಾಕಿ ಕಳಿಸುವಾಗ ಡಾಕ್ಟರು, ಕಾಲಿನ ಮೇಲೆ ಭಾರ ಹಾಕಬೇಡಿ, ಆದರೆ ಮಂಡಿ ಮಡಿಸುತ್ತಾ ಇರಿ ಎಂದಿದ್ದರು. ಅಂಬುಜಮ್ಮನ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. ಅವರ ಗಂಡ ಹನುಮಂತಯ್ಯ ಹಿಂದೊಮ್ಮೆ ಕಾಲು ಮುರಿದುಕೊಂಡು, ರಾಗಿ ಕೊಯ್ಲು ಅಂತ ಬೇಗ ಎದ್ದು ಓಡಾಡಿ, ಮೂಳೆ ಸೊಟ್ಟಗೆ ಕೂಡಿ ಸಾಯುವವರೆಗೂ ಕುಂಟಿದ್ದರು. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ರೇಷ್ಮೆ ಹುಳು ಗೂಡು ಕಟ್ಟುವ ಹಳೆಯ ಚಂದ್ರಿಕೆಯೊಂದನ್ನು ಮುರಿದು, ಅದರ ಬಿದಿರು ಸೀಳಿ, ಸೊಸೆಯ ತೊಡೆಯಿಂದ ಕಣಕಾಲಿನವರೆಗೆ ತಾವೇ ದಬ್ಬೆ ಕಟ್ಟಿದರು. ಬಾಣಂತಿಯ ಹಾಗೆ ಮಲಗಿಸಿದಲ್ಲೇ ಮುದ್ದೆ ಉಪ್ಪೆಸರು ತಂದುಕೊಟ್ಟರು. ಆಸ್ಪತ್ರೆಯವರು ಬರಹೇಳಿದಾಗ, ಬಸ್ಸು ಕುಲುಕುತ್ತದೆ ಎಂದು ತಪ್ಪಿಸಿದರು. ಅತ್ತೆ ಅಂದರೆ ಹೀಗಿರಬೇಕು ಎಂದು ಕೂಟಗಲ್ಲು ಊರಲ್ಲೆಲ್ಲ ಮಾತಾಯಿತು, ಆ ಮಾತಿಗೆ ಅಂಬುಜಮ್ಮ ಒಳಗೊಳಗೇ ಉಬ್ಬಿದ್ದೂ ನಿಜ.

ಕಟ್ಟು ಬಿಚ್ಚಿದ ಮಾರನೆಯ ದಿನವೇ ಅತ್ತೆ ಸೊಸೆ ಆಸ್ಪತ್ರೆಗೆ ಹೋದರು. ಅಲ್ಲಿ ವ್ಯಾಯಾಮ ಮಾಡಿಸುವ ನವ್ಯಶ್ರೀ ಪ್ಲಾಸ್ಟಿಕ್ಕಿನ ಮಂಡಿಯೊಂದನ್ನು ಕೈಯಲ್ಲಿ ಹಿಡಿದು ತೋರಿಸಿದಳು. "ಇದು ಬಾಗಿಲ ಕೀಲಿನ ಥರ ಅಲ್ಲ ಅಮ್ಮಾ. ತೊಡೆ ಮೂಳೆ ಕೆಳಗಿನ ಮೂಳೆ ಮೇಲೆ ಉರುಳತ್ತೆ, ಜೊತೆಗೆ ಜಾರತ್ತೆ. ಈ ಚಿಪ್ಪು ಮೇಲೆ ಕೆಳಗೆ ಓಡಾಡ್ತಿರಬೇಕು. ಕಾಲು ನೆಟ್ಟಗಾದಾಗ ಮೂಳೆ ಒಂಚೂರು ತಿರುಗಿ ಬೀಗ ಬೀಳತ್ತೆ, ಅದಕ್ಕೇ ನಾವು ಸುಸ್ತಿಲ್ಲದೆ ನಿಂತ್ಕೊಳ್ಳೋದು. ನೀವು ಆ ಬೀಗ ತೆಗೆಯೋಕೇ ಬಿಟ್ಟಿಲ್ಲ. ಒಳಗೆಲ್ಲ ಅಂಟಿಕೊಂಡಿದೆ."

"ಈಗ ಏನ್ ಮಾಡದವ್ವ?" ಎಂದರು ಅಂಬುಜಮ್ಮ.

"ದಿನಾ ಒತ್ತಿ ಬಗ್ಗಿಸಬೇಕು. ನಾನು ತೋರಿಸ್ದಷ್ಟೇ, ಜಾಸ್ತಿ ಎಳೀಬೇಡಿ. ಅವರು ಅಳ್ತಾರೆ, ನೀವು ನಿಲ್ಲಿಸಬಾರದು. ಈ ತಿಂಗಳು ಕಳೆದ್ರೆ ಆಮೇಲೆ ಕಷ್ಟ."

ಆಮೇಲೆ ಕಷ್ಟ ಎಂದರೆ ಏನೆಂದು ಧನಲಕ್ಷ್ಮಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನೆಲದ ಮೇಲೆ ಕೂರುವಂತಿಲ್ಲ, ಹುಳುಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಗೂಡು ಬಿಡಿಸುವಂತಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲೂ, ಬಚ್ಚಲಿಗೆ ಹೋಗಲೂ ಇನ್ನೊಬ್ಬರ ಹೆಗಲು ಬೇಕು. ಮೂವತ್ತು ದಾಟದ ಹೆಣ್ಣಿಗೆ ಅಂಥ ಬದುಕು!

ಮೊದಲು ಗಂಡ ಜಯಕುಮಾರ ಕೂತ. ಒಂದು ಸಲ ಒತ್ತಿದ, ಅವಳು "ಅಯ್ಯವ್ವಾ" ಅಂದಳು, ಅವನು ಕೈ ಹಿಂದಕ್ಕೆಳೆದುಕೊಂಡ. "ನನ್ ಕೈಲಾಗಲ್ಲ ಧನಾ," ಎಂದವನೇ ಬೈಕು ಹತ್ತಿ ಹಾರೋಹಳ್ಳಿಯ ಫ್ಯಾಕ್ಟರಿಗೆ ಹೊರಟುಬಿಟ್ಟ. ಆಮೇಲೆ ಓಟಿ ಇದೆ ಅಂದ, ನೈಟ್ ಶಿಫ್ಟ್ ಅಂದ. ಮಲ್ಲಿಗೆ ತಂದ, ಬೇಕರಿ ಬಿಸ್ಕತ್ತು ತಂದ, ಮಂಡಿಯ ಕಡೆ ಮಾತ್ರ ಕಣ್ಣು ಹಾಯಿಸಲಿಲ್ಲ. ಅತ್ತೆ ತಟ್ಟೆ ತಂದಿಟ್ಟು ತಲೆ ಸವರಿ ಹೋಗುತ್ತಿದ್ದರು. ಎಲ್ಲರೂ ಒಳ್ಳೆಯವರೇ. ಒಬ್ಬರೂ ಬೈದಿರಲಿಲ್ಲ. ಆದರೂ ಹಗಲೆಲ್ಲ ಜಂತೆ ಎಣಿಸುತ್ತಾ ಮಲಗಿದ್ದ ಧನಲಕ್ಷ್ಮಿಗೆ, ತಾನು ಯಾವುದೋ ಪಾಳು ಬಾವಿಯಲ್ಲಿ ಬಿದ್ದಿದ್ದೇನೆ, ಮೇಲೆ ನಿಂತವರು ಅಯ್ಯೋ ಪಾಪ ಅನ್ನುತ್ತಿದ್ದಾರೆ, ಹಗ್ಗ ಮಾತ್ರ ಯಾರೂ ಇಳಿಸುತ್ತಿಲ್ಲ ಅನ್ನಿಸುತ್ತಿತ್ತು. ಮುಸುಕೆಳೆದು ಅತ್ತಳು. ಅಳುವಾಗಲೂ ಕಾಲು ನೆಟ್ಟಗೇ ಇರುತ್ತಿತ್ತು.

ಒಂದು ಬೆಳಿಗ್ಗೆ ತಟ್ಟೆ ಇಡಲು ಬಂದ ಅತ್ತೆಯ ಕೈಯನ್ನು ಹಿಡಿದುಕೊಂಡಳು.

"ಅತ್ತೆ, ನೀವು ಒತ್ತಿ."

"ನಾನಾ? ಬ್ಯಾಡ ಕಣವ್ವ... ನಿನ್ ಅಳು ಕೇಳಕ್ಕಾಗಲ್ಲ ನಂಗೆ."

"ದಬ್ಬೆ ಕಟ್ಟೋವಾಗ ನಿಮ್ ಕೈ ನಡುಗ್ಲಿಲ್ಲ."

ಅಂಬುಜಮ್ಮ ಕೈ ಬಿಡಿಸಿಕೊಳ್ಳಲು ನೋಡಿದರು. ಧನಲಕ್ಷ್ಮಿ ಬಿಡಲಿಲ್ಲ. "ನಿಮ್ಮುನ್ನ ದೂರ್ತಿಲ್ಲ ಅತ್ತೆ. ಪ್ರೀತಿಗೇ ಕಟ್ಟುದ್ರಿ, ಗೊತ್ತು. ಆದ್ರೆ ಎಲ್ರೂ ಹಿಂಗೇ ಮರುಗ್ತಾ ಕೂತ್ರೆ ನಾನ್ ಸಾಯೋಗಂಟ ಈ ಮಂಚದ್ ಮೇಲೇ... ನಿಮ್ ಕಾಲಕ್ ನಂಗೆ ಅನ್ನ ಹಾಕ್ತೀರಿ. ಆಮ್ಯಾಕೆ?"

ಅಂಬುಜಮ್ಮ ಬಾಗಿಲು ಮುಂದೆ ಮಾಡಿ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಕೈ ತೊಡೆಯ ಮೇಲೆ, ಇನ್ನೊಂದು ಕಣಕಾಲಿನ ಮೇಲೆ ಇಟ್ಟು ಒತ್ತಿದರು. ಧನಲಕ್ಷ್ಮಿ ಕೂಗಿಕೊಂಡಳು. ಅಂಬುಜಮ್ಮ ಕಣ್ಣು ಮುಚ್ಚಿ, ಕೆನ್ನೆ ಮೇಲೆ ನೀರು ಹರಿಯುತ್ತಿದ್ದರೂ ಕೈ ಸಡಿಲಿಸಲಿಲ್ಲ.

ಕೂಗು ಬೀದಿಗೆ ಕೇಳದೆ ಇರುತ್ತದೆಯೇ? ಪಕ್ಕದ ಮನೆಯ ಮಾರಮ್ಮ ಬಂದು ಬಾಗಿಲು ಬಡಿದಳು. "ಅಂಬುಜಕ್ಕ, ಏನಕ್ಕ ಇದು, ಕಾಲು ಮುರ್ದೋಳ್ನ ಹಿಂಗ್ ಸಾಯಿಸ್ತೀಯಾ?"

"ನನ್ ಸೊಸೆ, ನಾನ್ ನೋಡ್ಕತೀನಿ. ಹೋಗು ನೀನು," ಎಂದು ಒಳಗಿನಿಂದಲೇ ಗದರಿದರು ಅಂಬುಜಮ್ಮ. ಧನಲಕ್ಷ್ಮಿ ಬಿಕ್ಕುತ್ತಲೇ, "ವಿಷ್ಯ ಹೇಳ್ಬಾರ್ದಾ ಅತ್ತೆ?" ಎಂದಳು. "ಮಾತಿಗ್ ನಿಂತ್ರೆ ಕೈ ಸಡ್ಲ ಆಗೋಯ್ತದೆ ಕಣವ್ವ. ಅನ್ನೋರು ಅಂದ್ಕಳ್ಳಿ ಬುಡು," ಎಂದು ಅವರು ಮತ್ತೆ ಒತ್ತಿದರು.

ದಿನವೂ ಅದೇ ಕೂಗು. ಊರ ಬಾಯಿಗೆ ಬೀಗ ಹಾಕುವವರು ಯಾರು? ಸೊಸೆ ಬಿದ್ದು, ನೋಡೋರಿಲ್ದೆ ಹುಳು ಹಾಳಾದ ಸಿಟ್ಟನ್ನು ಅವಳ ಮೇಲೇ ತೀರಿಸ್ಕೊಳ್ತಾವ್ಳೆ ಎಂದರು. ಧನಲಕ್ಷ್ಮಿ ಒಮ್ಮೆ ಕಿಟಕಿಯಿಂದ ಮಾರಮ್ಮನನ್ನು ಕರೆದು ಇದ್ದದ್ದನ್ನು ಹೇಳಿದಳು. ಮಾರಮ್ಮ ಕಣ್ಣೊರೆಸಿಕೊಂಡು, "ಅತ್ತೆ ಹೆದ್ರಿಸಿ ಹಿಂಗ್ ಹೇಳ್ಸವ್ಳೆ ಪಾಪ," ಎಂದು ಹೋದಳು. ಸಂಜೆ ಅಂಬುಜಮ್ಮನ ಜಗಲಿಗೆ ಎಲೆ ಅಡಿಕೆ ಹಾಕಲು ಬರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ತಪ್ಪಿಸಿಕೊಂಡರು. ಇಷ್ಟು ವರ್ಷ ಗಳಿಸಿದ ಒಳ್ಳೆಯ ಅತ್ತೆಯೆಂಬ ಹೆಸರು ಮಣ್ಣುಪಾಲಾಯಿತು. ಆದರೂ ಬೆಳಿಗ್ಗೆಯಾದರೆ ಅವರು ಸೆರಗು ಸಿಕ್ಕಿಸಿ ಬರುತ್ತಿದ್ದರು.

ಮಂಡಿ ಹಠಮಾರಿ ಕರುವಿನ ಹಾಗೆ ದಿನಕ್ಕೆ ಒಸಿ ಒಸಿಯೇ ಬಗ್ಗಿತು. ಕಡೆಯ ಪರೀಕ್ಷೆಗೆ ಹೋದಾಗ ನವ್ಯಶ್ರೀ ಹಿಂದೆ ಮುಂದೆ ಆಡಿಸಿ ನೋಡಿ, "ಪೂರ್ತಿ ಮೊದಲಿನ ಹಾಗಾಗಲ್ಲ. ಆದರೆ ಇನ್ನು ಯಾರೂ ಒತ್ತಬೇಕಿಲ್ಲ, ನೀವೇ ನೋಡ್ಕೋಬಹುದು," ಎಂದಳು.

ಅಂದು ಸಂಜೆ ಅಂಬುಜಮ್ಮ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಬೀದಿಯಲ್ಲಿ ಹೋದ ಹೆಂಗಸರು ಅತ್ತ ಮುಖ ತಿರುಗಿಸಿಕೊಂಡು ಹೋದರು. ಬಾಗಿಲಲ್ಲಿ ನಿಂತ ಧನಲಕ್ಷ್ಮಿ ಅದನ್ನು ನೋಡಿದಳು. ತಾನು ಬಿದ್ದಿದ್ದ ಬಾವಿಗೆ ಈಗ ಈ ಮುದುಕಿ ಇಳಿದು ಕೂತಿದ್ದಾಳೆ, ಅದೂ ತನಗಾಗಿ... ಗೋಡೆ ಹಿಡಿದು ಹೊರಗೆ ಬಂದು, ಬೀದಿಗೆಲ್ಲ ಕಾಣುವಂತೆ, ಹಲ್ಲು ಕಚ್ಚಿ ಮಂಡಿ ಮಡಿಸಿ, ಅತ್ತೆಯ ಪಕ್ಕ ನೆಲಕ್ಕೆ ಕೂತಳು.

ಅಂಬುಜಮ್ಮ ಅವಳ ಮುಖ ನೋಡಲಿಲ್ಲ, ಮಂಡಿಯನ್ನೇ ನೋಡಿದರು.

"ನೋಯ್ತದಾ?"

"ನೋಯ್ತದೆ ಅತ್ತೆ."

"ಹಂಗಾರೆ ಒಳೀಕ್ ಹೋಗವ್ವ."

"ಇಲ್ಲ ಅತ್ತೆ, ಒಸಿ ಹೊತ್ತು ಇಲ್ಲೇ ಕೂತಿರ್ತೀನಿ," ಎಂದಳು ಧನಲಕ್ಷ್ಮಿ.